ಕೆರೆಸಿದ್ದನ ಕುತ್ತಿಗೆ

ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ಒಂದು ಸಲ ಹೇಳಿ ಮುಗಿಸುತ್ತೇನೆ: ಅಮೋಘಿ. ಮಮದಾಪುರದ ಕೆರೆದಂಡೆಯ ಮೇಲೆ ಕೆರೆಸಿದ್ದ ಎಂಬ ದೇವರ ಗುಡಿಯಿದೆ. ಆ ದೇವರು ಮೈಮೇಲೆ ಬರುತ್ತಿದ್ದದ್ದು ನಮ್ಮವರ ಮೇಲೆ. ಉಳಿದ ದಿನಗಳಲ್ಲಿ ಕುರಿ ಕಾಯುವುದು, ಅಮಾವಾಸ್ಯೆಗೊಮ್ಮೆ ದೇವರಾಗುವುದು. ತಮ್ಮ ಕುರಿ ಯಾರ ಹೊಲಕ್ಕೆ ನುಗ್ಗಿದೆ ಎಂದು ತಿಳಿಯದ ಮನುಷ್ಯ ಅಂದು ಮಾತ್ರ ಊರಿನವರ ಹಿಂದಿನದು ಮುಂದಿನದು ಎಲ್ಲ ಹೇಳಿಬಿಡುತ್ತಿದ್ದರು. ಮನೆಗೆ ಬಂದಮೇಲೆ "ಏನ ಹೇಳಿದ್ನಲೇ ನಾ ಇವತ್ತ?" ಎಂದು ನನ್ನನ್ನೇ ಕೇಳುತ್ತಿದ್ದರು.

ದೇವರು ಬರುವುದು ಕುತ್ತಿಗೆಯಿಂದ. ಡೊಳ್ಳಿನ ಪೆಟ್ಟು ಏರಿದಂತೆ ಇವರ ತಲೆ ತೂಗಲು ಶುರುವಾಗುತ್ತಿತ್ತು, ಮೊದಲು ಎಡಕ್ಕೆ ಬಲಕ್ಕೆ, ಆಮೇಲೆ ಹಿಂದಕ್ಕೆ ಮುಂದಕ್ಕೆ. ಸೊಂಟದವರೆಗಿನ ಕೂದಲು ನೆಲ ಗುಡಿಸುತ್ತಿತ್ತು. ತಲೆ ಎಷ್ಟು ಜೋರಾಗಿ ತಿರುಗಿದರೆ ದೇವರು ಅಷ್ಟು ಸತ್ಯವುಳ್ಳವನು ಎಂಬುದು ನಮ್ಮೂರಿನ ಲೆಕ್ಕ. ಆ ಲೆಕ್ಕ ಹಾಕುವವನು ಗುಡಿಯ ಹಿರಿಯ ಧೂಳಪ್ಪ ಕಾಕಾ. ದೇವರು ಬರೀ "ಹೂಂ" ಅಂದರೂ ಸಾಕು, ಅದಕ್ಕೆ ಅವನು ಒಂದು ಪುರಾಣದಷ್ಟು ಅರ್ಥ ಹೇಳುತ್ತಿದ್ದ.

ಎಪ್ಪತ್ತನಾಲ್ಕರ ಚಳಿಗಾಲದಲ್ಲಿ ನಮ್ಮವರ ಕುತ್ತಿಗೆ ನೋಯತೊಡಗಿತು. ಸಂಜೆಯಾದರೆ ಮೈ ಬಿಸಿ. ರೊಟ್ಟಿ ಸೇರದು. ಕರೆದರೆ ತಲೆ ಹೊರಳಿಸದೆ ಇಡೀ ಮೈಯನ್ನೇ ಹೊರಳಿಸುವರು. ಬರುಬರುತ್ತ ಎರಡೂ ಅಂಗೈಯಲ್ಲಿ ಗದ್ದ ಹಿಡಿದುಕೊಂಡು ಕೂರುವುದಾಯಿತು. ನಾನು "ಆಸ್ಪತ್ರಿಗೆ ಹೋಗೂಣ್ರಿ" ಅಂದರೆ ಧೂಳಪ್ಪ ಕಾಕಾ ನಕ್ಕುಬಿಟ್ಟ.

"ಯವ್ವಾ ಬೋರವ್ವ, ನಿನಗೇನ ತಿಳೀತೈತಿ? ದೇವ್ರು ಬಂದು ಹೋಗಾಂವ ಇದ್ದ, ಈಗ ಹೆಗಲ ಮ್ಯಾಲ ಕುಂತಬಿಟ್ಟಾನ. ಭಾರ ಆಗಲ್ಲೇನು?"

ಸುಡಲಿ, ಇಡೀ ಊರು ಅದನ್ನು ನಂಬಿತು. ಇವರ ದನಿ ದಪ್ಪಗಾಗಿ, ಬಾಯಲ್ಲಿ ಬೆಲ್ಲದುಂಡೆ ಇಟ್ಟುಕೊಂಡು ಮಾತಾಡಿದಂತೆ ಕೇಳಿಸತೊಡಗಿದಾಗ "ದೇವ್ರ ದನಿ" ಎಂದರು. ನೀರು ಸಹ ನುಂಗಲಾಗದಾಗ "ದೇವ್ರು ಒಪ್ಪತ್ತು ಹಿಡಿದಾನ" ಎಂದರು. ಕುಳಿತಲ್ಲೇ ಕಾಲು ತನ್ನಷ್ಟಕ್ಕೆ ತಾನು ತಟತಟ ನಡುಗತೊಡಗಿದಾಗ ಹೆಂಗಸರು ಬಂದು ಆ ಕಾಲಿಗೆ ಭಂಡಾರದ ಅರಿಶಿನ ಹಚ್ಚಿ ಹೋದರು. ಮನುಷ್ಯ ಕರಗಿದಷ್ಟೂ ದೇವರು ಕೊಬ್ಬುತ್ತಿದ್ದ. ನಮ್ಮವರಿಗೋ ಆ ನೋವಿನಲ್ಲೂ ಅದು ಹಿತವಾಗಿತ್ತು. ಕಾಲಿಗೆ ಬೀಳುವವರನ್ನು ಕಂಡರೆ ಯಾರಿಗೆ ಬೇಡವಾಗುತ್ತದೆ?

ಒಂದು ದಿನ ಅಂಗಳದಲ್ಲಿ ಎದ್ದು ನಿಲ್ಲಲು ಹೋಗಿ ದೊಪ್ಪನೆ ಬಿದ್ದರು. ಎತ್ತಿ ಕೂರಿಸಿದೆ. "ಬೋರಿ, ಕಾಲಿಗೆ ನೆಲ ಹತ್ತವಲ್ದು" ಅಂದರು. ಅವರ ಕಣ್ಣಲ್ಲಿ ಹೆದರಿಕೆ ಕಂಡೆ. ದೇವರು ಬೇಕಾದರೆ ಇನ್ನೊಬ್ಬನ ಮೈಮೇಲೆ ಬಂದಾನು, ನನಗೆ ಇನ್ನೊಬ್ಬ ಗಂಡ ಎಲ್ಲಿಂದ ಬರಬೇಕು?

ಧೂಳಪ್ಪ ಕಾಕಾನಿಗೆ ನಿಜ ಹೇಳಿದರೆ ಬಿಡುತ್ತಿರಲಿಲ್ಲ. ತಿಕೋಟಾದಲ್ಲಿ ನನ್ನ ಅಣ್ಣ ಯಲಗೂರಪ್ಪನ ಮನೆಯಲ್ಲಿ ಕೂಸಿನ ತೊಟ್ಟಿಲ ಶಾಸ್ತ್ರವಿದೆ ಎಂದು ಸುಳ್ಳು ಹೇಳಿ, ಇವರನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿಗೆ ಹಾಕಿದೆ. ಅದಕ್ಕೂ ವಿಘ್ನ. ಬಬಲೇಶ್ವರದ ಸ್ಟ್ಯಾಂಡಿನಲ್ಲಿ ಯಾರೋ ಗುರುತು ಹಿಡಿದು "ಕೆರಿಸಿದ್ದ ಬಂದಾನ" ಎಂದು ಕೂಗಿದರು. ಒಬ್ಬರ ಹಿಂದೊಬ್ಬರು ಕಾಲಿಗೆ ಬೀಳುವ ಗದ್ದಲದಲ್ಲಿ ವಿಜಾಪುರದ ಬಸ್ಸು ನಮ್ಮ ಕಣ್ಣೆದುರೇ ಹೊರಟುಹೋಯಿತು. ಮುಂದಿನ ಬಸ್ಸು ಬರುವತನಕ ನಮ್ಮ ದೇವರು ಗದ್ದ ಹಿಡಿದುಕೊಂಡು ಕಡಲೆ ಮಾರುವವನಿಗೆ ಆಶೀರ್ವಾದ ಮಾಡುತ್ತ ಕೂತಿದ್ದರು.

ವಿಜಾಪುರದ ಆಸ್ಪತ್ರೆಯಲ್ಲಿ ಕಾಖಂಡಕಿ ಅಂತ ಡಾಕ್ಟರು. ಮಾತು ಕಡಿಮೆ, ಸಿಟ್ಟು ಜಾಸ್ತಿ. ಫೋಟೋ ತೆಗೆಸಿ ಬೆಳಕಿಗೆ ಹಿಡಿದು ನೋಡಿದರು.

"ಕುತ್ತಿಗಿ ಮಣಿಗೆ ಕ್ಷಯ ಹತ್ತೈತಿ. ಒಂದು ಮಣಿ ಅರ್ಧ ತಿಂದು ಹಾಕೈತಿ. ಗಂಟಲ ಹಿಂದ ಕೀವು ತುಂಬೈತಿ, ಅದಕ್ಕಽ ದನಿ ಹಂಗಾಗೈತಿ."

"ಕ್ಷಯ ಅಂದ್ರ ಕೆಮ್ಮು ಇರಬೇಕಲ್ರಿ ಸಾಹೇಬ್ರ? ಇವ್ರು ಒಂದಿನಾನೂ ಕೆಮ್ಮಿಲ್ರಿ."

"ಎಲುಬು ಕೆಮ್ಮಂಗಿಲ್ಲವಾ, ಮುರೀತೈತಿ. ಏನ ಕೆಲಸ ಮಾಡ್ತಾನ ಇಂವ?"

ನಾನು ಹೇಳಿದೆ. ತಲೆ ಹೇಗೆ ತೂಗುತ್ತಾರೆಂದು ತೋರಿಸಿಯೂ ತೋರಿಸಿದೆ. ಡಾಕ್ಟರು ಫೋಟೋ ಕೆಳಗಿಟ್ಟು ನಮ್ಮವರ ಮುಖವನ್ನೇ ನೋಡಿದರು. "ಇಂಥಾ ಕುತ್ತಿಗಿ ಇಟ್ಕೊಂಡು? ಇನ್ನೊಂದ್ಸಲ ಹಂಗ ತಲಿ ತೂಗಿದಿ ಅಂದ್ರ ಕೈಕಾಲು ಎರಡೂ ಹೋಗ್ತಾವು. ಉಸಿರೂ ನಿಂತೀತು. ತಿಳೀತೇನು?"

ನಮ್ಮವರು ಗದ್ದ ಹಿಡಿದುಕೊಂಡೇ ಕೇಳಿದರು: "ಅಮಾಸಿಗೆ ಬಿಡ್ತೀರೇನ್ರಿ?"

ಬಿಡಲಿಲ್ಲ. ಗಂಟಲ ಕೀವು ತೆಗೆದರು. ಅದರೊಂದಿಗೆ ದೇವರ ದನಿಯೂ ಹೋಗಿ ಹಳೆಯ ಕೀರಲು ದನಿ ಬಂತು, "ಲೇ ಬೋರಿ, ಚಾ ತಾ." ಸೊಂಟದವರೆಗಿನ ಕೂದಲನ್ನು ಬೋಳಿಸಿದರು. ಆ ದಿನ ಇವರು ಅತ್ತದ್ದು ನೋಡಿದ್ದರೆ ಹೆತ್ತ ತಾಯಿ ಸತ್ತಳೇನೋ ಅನ್ನಬೇಕು. ತಲೆಗೆ ಪಟ್ಟಿ ಕಟ್ಟಿ, ಮಂಚದ ಆಚೆ ತೂಕ ಇಳಿಬಿಟ್ಟು, ಎರಡೂ ಕಡೆ ಉಸುಕಿನ ಚೀಲ ಇಟ್ಟು ಮಲಗಿಸಿದರು. ದಿನಾ ಕುಂಡಿಗೆ ಸೂಜಿ, ಮುಷ್ಟಿ ತುಂಬ ಗುಳಿಗೆ. ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ ಎಂದು ಕೂಸಿನಂತೆ ಬಾಯಿ ಮುಚ್ಚುವರು. ನಾನು ಮೂಗು ಹಿಡಿಯುತ್ತಿದ್ದೆ. ದೇವರ ಮೂಗು ಹಿಡಿದ ಹೆಣ್ಣು ಆ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಕೆಲವು ವಾರಗಳ ಮೇಲೆ ಪ್ಲಾಸ್ಟರು ಹಾಕಿದರು. ಹಣೆಯಿಂದ ಸೊಂಟದವರೆಗೆ ಬಿಳಿ ಗೋಡೆ. ನಡುವೆ ಮುಖಕ್ಕೊಂದು ಕಿಂಡಿ, ಕಿವಿಗೆ ಎರಡು ತೂತು. ವಾರ್ಡಿನ ಆಯಾ ದಾವಲಬಿ ಅದನ್ನು ಬೆರಳಿಂದ ಟಕಟಕ ಬಡಿದು, "ಬೋರವ್ವಾ, ನಿನ್ನ ಗಂಡನ್ನ ಗೋಳಗುಮ್ಮಟದಾಗ ಹುಗದಾರ ನೋಡು" ಅಂದಳು. ಹುಗಿದರೂ ಚಿಂತೆಯಿಲ್ಲ, ಜೀವಂತ ಹುಗಿಯಲಿ. ನನ್ನ ಕಣ್ಣೆಲ್ಲ ಇವರ ಕಾಲಿನ ಮೇಲಿತ್ತು. ದಿನಾ ಬೆಳಗಾದರೆ ಕಾಲ ಬಳಿ ಕೂತು ಹೆಬ್ಬೆರಳು ನೋಡುವುದೇ ನನ್ನ ಪೂಜೆ. "ಅಲುಗಾಡಿಸ್ರಿ" ಅನ್ನುತ್ತಿದ್ದೆ. "ಅಲುಗಾಡಿಸಾಕತ್ತೇನಲ್ಲ" ಅನ್ನುತ್ತಿದ್ದರು. ಹೆಬ್ಬೆರಳು ಮಾತ್ರ ಗೌಡರ ಮನೆಯ ಹಿರಿ ಸೊಸೆಯಂತೆ ಕದಲದೆ ಕೂತಿರುತ್ತಿತ್ತು.

ಹೀಗಿರುವಾಗ ಊರಿಗೆ ಸುದ್ದಿ ತಿಳಿಯಿತು. ಯುಗಾದಿ ಅಮಾವಾಸ್ಯೆ ಹತ್ತಿರ ಬಂದಿತ್ತು. ಅಂದು ದೇವರು ವರ್ಷದ ಮಳೆ ಬೆಳೆ ಹೇಳಬೇಕು. ಒಂದು ಮಧ್ಯಾಹ್ನ ಧೂಳಪ್ಪ ಕಾಕಾ ಇಬ್ಬರು ಗಂಡಸರನ್ನು ಕಟ್ಟಿಕೊಂಡು ವಾರ್ಡಿಗೆ ಬಂದ. ಒಬ್ಬನ ಹೆಗಲ ಮೇಲೆ ಕಂಬಳಿಯ ದೊಡ್ಡ ಗಂಟು. ನಮಗೆ ಹಾಸಲು ಹೊದೆಯಲು ತಂದಿದ್ದಾರೆಂದು ನಾನು ಕರಗಿ, ಅವರಿಗೆ ಚಹಾ ತರಲು ಸ್ಟೇಷನ್ ರಸ್ತೆಯ ಹೋಟೆಲಿಗೆ ಹೋದೆ. ನನ್ನಂಥ ಹುಚ್ಚಿ ಯಾರಿದ್ದಾರೆ.

ಕಿಟ್ಲಿ ಹಿಡಿದು ಮರಳಿ ಬರುವಾಗ ಆಸ್ಪತ್ರೆಯ ಬಾಗಿಲಲ್ಲೇ ಡೊಳ್ಳಿನ ಸದ್ದು ಕೇಳಿತು. ಕಿಟ್ಲಿ ಅಲ್ಲೇ ಬಿಟ್ಟು ಓಡಿದೆ.

ಕಂಬಳಿಯ ಗಂಟಿನಲ್ಲಿದ್ದದ್ದು ಡೊಳ್ಳು. ಅದನ್ನು ಮಂಚದ ಪಕ್ಕ ನಿಲ್ಲಿಸಿಕೊಂಡು ಬಾರಿಸುತ್ತಿದ್ದರು. ಧೂಳಪ್ಪ ಕಾಕಾ ಪ್ಲಾಸ್ಟರಿನ ಮೇಲೆ ಭಂಡಾರ ತೂರುತ್ತ "ಬಾರೋ ನಮ್ಮಪ್ಪಾ, ನಿನ್ನ ಮಕ್ಕಳು ಬಂದೇವಿ ಬಾ" ಎಂದು ಒದರುತ್ತಿದ್ದ. ನಮ್ಮವರ ಮೈ ನಡುಗುತ್ತಿತ್ತು. ಕಣ್ಣುಗುಡ್ಡೆ ಮೇಲಕ್ಕೆ ಹೋಗಿತ್ತು. ಬಾಯಿಂದ "ಹೂಂ ಹೂಂ" ಹೊರಡುತ್ತಿತ್ತು. ತಲೆ ತೂಗಲು ಒಳಗೊಳಗೇ ಗುದ್ದಾಡುತ್ತಿತ್ತು, ಇಡೀ ಮಂಚ ಕಿರುಗುಡುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆ ಬಿಳಿ ಗೋಡೆ ಅಲುಗಲಿಲ್ಲ ನೋಡಿ! ದೇವರ ಬಲ ಒಂದು ಕಡೆ, ಕಾಖಂಡಕಿ ಡಾಕ್ಟರ ಸುಣ್ಣ ಒಂದು ಕಡೆ. ಸುಣ್ಣವೇ ಗೆದ್ದಿತು.

ನಾನು ಡೊಳ್ಳಿನ ಮೇಲೆಯೇ ಹೋಗಿ ಬಿದ್ದೆ. "ನಿಮ್ಮ ಮನಿ ಹಾಳಾಗ, ನನ್ನ ಗಂಡನ್ನ ಕೊಲ್ಲಾಕ ಬಂದೀರೇನು!"

ಧೂಳಪ್ಪ ಕಾಕಾನ ಮುಖದಲ್ಲಿ ಮಾತ್ರ ಬೇರೆಯೇ ಕಳೆ ಬಂದಿತ್ತು. "ಬಂದಾನ! ದೇವ್ರು ಬಂದಾನ, ನೋಡ್ರಲೇ! ಇದರೊಳಗ ಸಿಕ್ಕೊಂಡಾನ, ಹೊರಗ ಬರಾಕ ದಾರಿ ಇಲ್ಲ!" ಎಂದು ಪ್ಲಾಸ್ಟರಿಗೆ ಹಣೆ ಹಚ್ಚಿದ. ಅಷ್ಟರಲ್ಲಿ ಡಾಕ್ಟರು ಬಂದರು. "ಯಾರಲೇ ಅವ್ರು, ವಾರ್ಡಿನ್ಯಾಗ ಲಗ್ನ ಹಚ್ಚ್ಯಾರೇನು?" ಎಂದು ಡೊಳ್ಳಿನ ಸಮೇತ ಹೊರಗೆ ಹಾಕಿಸಿದರು.

ಎಲ್ಲ ಹೋದಮೇಲೆ ನಮ್ಮವರ ಕಿಂಡಿಯಿಂದ ಕಣ್ಣೀರು ಇಳಿಯುತ್ತಿತ್ತು. ಸೆರಗಿನಿಂದ ಒರೆಸಿದೆ.

"ಬೋರಿ, ದೇವ್ರು ಬರಲಿಲ್ಲಲೇ," ಅಂದರು ಮೆಲ್ಲಗೆ. "ಡೊಳ್ಳು ಕೇಳಿದ್ರ ಮೈ ತಾನಽ ಕುಣೀತೈತಿ. ಎಷ್ಟು ತಡೀತೀನಂದ್ರೂ ನಿಲ್ಲವಲ್ದು. ಇದು ಇರದಿದ್ರ ಇವತ್ತ ಹೋಗಿರ್ತಿದ್ದೆ."

"ಮೊದಲೂ ಹಿಂಗಽ ಏನ್ರಿ? ಯಾವತ್ತೂ ಬಂದಿಲ್ಲೇನು ದೇವ್ರು?"

"ಬೆನ್ನು ಕಡೀತೈತಿ, ಕಡ್ಡಿ ತೂರಿಸಿ ಸ್ವಲ್ಪ ಕೆರಿ" ಅಂದರು. ನಾನು ಕೆರೆದೆ.

ಅದಾಗಿ ಕೆಲವು ದಿನಕ್ಕೆ ಒಂದು ಮುಂಜಾನೆ ಎಡಗಾಲಿನ ಹೆಬ್ಬೆರಳು ಅಲುಗಿತು. ಕಣ್ಣಿನ ಭ್ರಮೆಯೆಂದು "ಇನ್ನೊಮ್ಮಿ" ಅಂದೆ. ಇನ್ನೊಮ್ಮೆ ಅಲುಗಿತು. ನನಗೆ ಅಳು ತಡೆಯಲಾಗಲಿಲ್ಲ. ಆ ಹೆಬ್ಬೆರಳನ್ನು ಹಿಡಿದುಕೊಂಡು ವಾರ್ಡೆಲ್ಲ ಕೇಳುವಂತೆ ಅತ್ತೆ. ಯಾರೋ ತೀರಿಕೊಂಡರೆಂದು ದಾವಲಬಿ ಓಡಿ ಬಂದಳು.

ಮಳೆಗಾಲ ಕಳೆಯುವ ಹೊತ್ತಿಗೆ ಪ್ಲಾಸ್ಟರು ಬಿಚ್ಚಿದರು. ಗರಗಸದಿಂದ ಎರಡೂ ಪಕ್ಕ ಕೊಯ್ದು, ಮುಂದಿನ ಹೋಳು ಹಿಂದಿನ ಹೋಳು ಎಂದು ತೆಂಗಿನ ಚಿಪ್ಪಿನಂತೆ ಬಿಡಿಸಿದರು. ಒಳಗಿಂದ ಬಂದ ನಾತ ಏನು ಹೇಳಲಿ, ಕುರಿದೊಡ್ಡಿಯೇ ವಾಸಿ. ಮೈಮೇಲೆ ಹೊಟ್ಟು ಉದುರುತ್ತಿತ್ತು. ಎಲುಬು ಕೂಡಿಕೊಂಡಿದೆ, ಕುತ್ತಿಗೆ ಇನ್ನು ಮೊದಲಿನಂತೆ ಹೊರಳುವುದಿಲ್ಲ, ಗುಳಿಗೆ ಮಾತ್ರ ಮುಂದಿನ ವರ್ಷದತನಕ ಬಿಡಬಾರದು, ಎಂದರು ಡಾಕ್ಟರು. ಆ ಹೊತ್ತಿಗೆ ಸರಿಯಾಗಿ ಧೂಳಪ್ಪ ಕಾಕಾ ಹೊಸ ಕಂಬಳಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಇವರ ಕಡೆ ತಿರುಗಿಯೂ ನೋಡದೆ ನೇರ ಆ ಎರಡು ಹೋಳುಗಳ ಹತ್ತಿರ ಹೋದ.

"ಇದನ್ನ ಒಯ್ಯಲೇನವಾ?"

"ಒಯ್ಯ್ರಿ ಒಯ್ಯ್ರಿ, ನನಗೊಂದು ಹೊರಿ ಕಡಿಮಿ," ಎಂದಳು ದಾವಲಬಿ. ಹೊಲದಲ್ಲಿ ಬೆದರುಗೊಂಬೆ ಮಾಡಿ ನಿಲ್ಲಿಸುತ್ತಾನೆಂದು ನಾನು ತಿಳಿದೆ. ಅವನು ಅದನ್ನು ಕಂಬಳಿಯಲ್ಲಿ ಸುತ್ತಿ, ತಲೆಯ ಮೇಲೆ ಹೊತ್ತು, ಬರಿಗಾಲಲ್ಲಿ ಹೋದ.

ನಾವು ತಿಕೋಟಾಕ್ಕೆ ಹೋಗಿ ಅಣ್ಣನ ಮನೆಯಲ್ಲಿ ಉಳಿದೆವು. ಅಲ್ಲಿ ನಮ್ಮವರು ಗೋಡೆ ಹಿಡಿದು ನಿಂತರು, ಆಮೇಲೆ ಕೋಲು ಹಿಡಿದರು, ಆಮೇಲೆ ಯಲಗೂರಪ್ಪನ ಜೊತೆ ಹೊಲದತನಕ ನಡೆದರು. ಎಲುಬು ಕಾಣುತ್ತಿದ್ದ ಕೆನ್ನೆಯಲ್ಲಿ ರೊಟ್ಟಿ ಕಾಣಿಸತೊಡಗಿತು. ಗುಳಿಗೆಗೆ ಈಗ ಮೂಗು ಹಿಡಿಯಬೇಕಿರಲಿಲ್ಲ. ಇಂಥ ಗಂಡನನ್ನು ಊರಿನ ಮುಂದೆ ನಡೆಸಿಕೊಂಡು ಹೋಗಬೇಕು, ಎಲ್ಲರೂ ಬಾಯಿ ತೆರೆದು ನೋಡಬೇಕು ಎಂದು ನನಗೆ ಆಸೆ. ಅದಕ್ಕೇ ಅಮಾವಾಸ್ಯೆಯ ದಿನವೇ ಊರಿಗೆ ಹೊರಟೆವು.

ಬಸ್ಸಿಳಿದು ಕೆರೆದಂಡೆ ಹತ್ತಿದೆವು. ಇವರು ಕೋಲಿಲ್ಲದೆ ನಡೆದರು. ಗುಡಿಯ ಮುಂದೆ ಊರಿಗೆ ಊರೇ ಸೇರಿತ್ತು. ಒಬ್ಬರೂ ತಿರುಗಲಿಲ್ಲ. ಎಲ್ಲರ ಮುಖ ಗರ್ಭಗುಡಿಯ ಕಡೆ. ಜನರ ನಡುವೆ ನುಗ್ಗಿ ನೋಡುತ್ತೇನೆ, ಅಯ್ಯ ಶಿವನೇ! ಕಟ್ಟೆಯ ಮೇಲೆ ನಮ್ಮವರ ಪ್ಲಾಸ್ಟರು ಕೂತಿದೆ. ಎರಡೂ ಹೋಳು ಸೇರಿಸಿ ರೇಶಿಮೆ ದಾರದಿಂದ ಕಟ್ಟಿದ್ದಾರೆ. ಮುಖದ ಕಿಂಡಿಯಲ್ಲಿ ಬೆಳ್ಳಿ ಕಣ್ಣಿನ ತೆಂಗಿನಕಾಯಿ. ಮೇಲೆ ರುಮಾಲು, ಕೊರಳಲ್ಲಿ ಹಾರ, ಮೈತುಂಬ ಭಂಡಾರ. ಪ್ರಶ್ನೆ ಕೇಳಿ ಅದರ ಹೆಗಲ ಮೇಲೆ ಎರಡು ಹೂ ಇಡುತ್ತಿದ್ದರು. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಇಲ್ಲ. ನನ್ನ ಗಂಡನಿಗಿಂತ ಇದು ಎಷ್ಟೋ ಮೇಲು. ಇದಕ್ಕೆ ರೊಟ್ಟಿ ಬಡಿಯಬೇಕಾಗಿಲ್ಲ.

ನಮ್ಮವರು ಮುಂದೆ ಹೋದರು. ಧೂಳಪ್ಪ ಕಾಕಾ ಕೈ ಅಡ್ಡ ಹಿಡಿದ.

"ಅಲ್ಲೇ ನಿಂದ್ರಪಾ. ಮುಟ್ಟಬ್ಯಾಡ."

"ಅದು ನಂದು ಕಾಕಾ. ಅದರೊಳಗ ಇದ್ದಾಂವ ನಾನು. ಬೆನ್ನು ಕಡಿಯೂದ ಬಿಟ್ರ ಒಳಗ ಏನೂ ಇದ್ದಿಲ್ಲ."

"ಹಂಗೆಲ್ಲ ಅನಬಾರ್ದು. ದೇವ್ರು ಇದರೊಳಗ ಸಿಕ್ಕೊಂಡಿದ್ದು ನಾನಽ ಕಣ್ಣಾರೆ ಕಂಡೇನಿ. ನೀ ಹೊರಗ ಬಂದಿ, ಅಂವ ಒಳಗ ಉಳದ. ನೀ ಈಗ ಖಾಲಿ ಕೊಡ ಇದ್ದಂಗ."

ಇವರು ನಡೆದು ಬಂದದ್ದು, ಸಾಯಬೇಕಾದವನು ಎದುರಿಗೆ ನಿಂತಿರುವುದು, ಯಾರ ಕಣ್ಣಿಗೂ ಬೀಳಲಿಲ್ಲ. ನನಗೆ ಮೈ ಉರಿದುಹೋಯಿತು. ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಧೂಳಪ್ಪ ಕಾಕಾನ ಸೊಸೆ ತನ್ನ ಮಗಳನ್ನು ಮುಂದೆ ತಂದಳು. ಹುಲಿಗೆವ್ವ ಅಂತ, ಸಾಲಿಗೆ ಹೋಗುವ ವಯಸ್ಸಿನ ಕೂಸು. ಒಣಗಿ ಕಡ್ಡಿಯಾಗಿತ್ತು. ಎರಡೂ ಅಂಗೈಯಲ್ಲಿ ಗದ್ದ ಹಿಡಿದುಕೊಂಡಿತ್ತು. ತಾಯಿ ಕರೆದರೆ ತಲೆ ಹೊರಳಿಸಲಿಲ್ಲ, ಇಡೀ ಮೈ ಹೊರಳಿಸಿತು.

ನಮ್ಮವರ ಕೈ ತಾನಾಗಿ ತಮ್ಮ ಗದ್ದಕ್ಕೆ ಹೋಯಿತು. ನನ್ನ ಮುಖ ನೋಡಿದರು.

"ನಮ್ಮಪ್ಪಾ, ಕೂಸಿನ್ನ ದವಾಖಾನಿಗೆ ಒಯ್ಯಬೇಕೇನು?" ಎಂದು ಧೂಳಪ್ಪ ಕಾಕಾ ಹೂ ಇಟ್ಟ. ಅವನಿಗೆ ಇರುವುದು ಅವಳೊಬ್ಬಳೇ ಮೊಮ್ಮಗಳು. ಎಡಗಡೆಯ ಹೂ ಬಿತ್ತು.

"ಒಯ್ಯೂದ ಬ್ಯಾಡಂತ," ಎಂದ.

"ಕಾಕಾ, ಹುಚ್ಚ ಹಿಡದೈತೇನು!" ನಾನು ಒದರಿದೆ. "ಇದಽ ಬ್ಯಾನಿ ಇವ್ರಿಗೆ ಬಂದಿತ್ತು! ಕೂಸಿನ ಕಾಲು ಹೋದಾವು, ಇವತ್ತಽ ಒಯ್ಯ್ರಿ!"

"ಬೋರವ್ವ, ದೇವ್ರ ಮಾತಿನ ನಡುವ ಹೆಣಮಕ್ಕಳು ಬಾಯಿ ಹಾಕಬಾರ್ದು."

ನಮ್ಮವರು ಹೇಳಿದರು. ಕೈ ಮುಗಿದು ಹೇಳಿದರು, ಸಿಟ್ಟಿನಿಂದ ಹೇಳಿದರು. ಯಾರು ಕೇಳುತ್ತಾರೆ? ತಲೆ ತೂಗಿ ಸುಳ್ಳು ಹೇಳುವಾಗ ಕೇಳಿದ ಜನ, ತಲೆ ನೆಟ್ಟಗಿಟ್ಟು ನಿಜ ಹೇಳಿದರೆ "ಖಾಲಿ ಕೊಡ" ಎಂದು ನಕ್ಕರು. ಹುಲಿಗೆವ್ವಳ ತಾಯಿ ಅಳುತ್ತ ಕೂಸನ್ನು ಎತ್ತಿಕೊಂಡಳು. ಕೂಸು "ಯವ್ವಾ, ಕುತ್ತಿಗಿ" ಎಂದು ನರಳಿತು.

ಆಗ ನಮ್ಮವರು ಧೂಳಪ್ಪ ಕಾಕಾನನ್ನು ಪಕ್ಕಕ್ಕೆ ತಳ್ಳಿದರು. ಕಟ್ಟೆ ಹತ್ತಿದರು. ರುಮಾಲು ಕಿತ್ತು, ತೆಂಗಿನಕಾಯಿ ತೆಗೆದು, ರೇಶಿಮೆ ದಾರ ಬಿಚ್ಚಿದರು. ಅಂಗಿ ಕಳಚಿ ಮುಂದಿನ ಹೋಳನ್ನು ಎದೆಗೆ ಒತ್ತಿ ಹಿಡಿದರು.

"ಬೋರಿ, ಹಿಂದಿನದು ನೀ ಹಿಡಿ."

ಜನರು ಎಳೆದಾಡಿದರೆ, ಹೊಸದಾಗಿ ಕೂಡಿದ ಎಲುಬು. ಆದರೂ ಹಿಡಿದೆ. ದಾರದಿಂದ ಬಿಗಿದೆ. ಎಷ್ಟು ತಿಂಗಳು ಅದರಿಂದ ಹೊರಗೆ ಬರಲು ಬಾಯಿ ಬಾಯಿ ಬಡಿದುಕೊಂಡಿದ್ದರೋ, ಅದೇ ನಾತದ ಚಿಪ್ಪಿನೊಳಗೆ ತಾವಾಗಿ ಹೋಗಿ ನಿಂತರು. ತಲೆ ಅಲುಗಲಿಲ್ಲ. ಕಿಂಡಿಯಿಂದ ದನಿ ಮಾತ್ರ ಬಂತು.

"ಧೂಳ್ಯಾ!"

"ಯಪ್ಪಾ!" ಧೂಳಪ್ಪ ಕಾಕಾ ಅಡ್ಡಬಿದ್ದ. ಅವನ ಹಿಂದೆ ಇಡೀ ಊರು ಅಡ್ಡಬಿತ್ತು.

"ನಾಳಿ ಮೊದಲ ಬಸ್ಸಿಗೆ ಕೂಸಿನ್ನ ವಿಜಾಪುರಕ್ಕ ಒಯ್ಯಿ. ಕುತ್ತಿಗಿಗೆ ಎಣ್ಣಿ ಹಚ್ಚಿ ತಿಕ್ಕಬ್ಯಾಡ. ಡೊಳ್ಳು ಅದರ ಹಂತ್ಯಾಕ ಒಯ್ಯಬ್ಯಾಡ. ಡಾಕ್ಟರ ಸಾಕು ಅನ್ನೂತನಕ ಸೂಜಿ ಗುಳಿಗಿ ಬಿಡಿಸಿದಿ ಅಂದ್ರ ನಿನ್ನ ಸುಮ್ನ ಬಿಡಂಗಿಲ್ಲ. ಕೇಳ್ತೇನು?"

"ಕೇಳ್ತು ನಮ್ಮಪ್ಪಾ, ತಪ್ಪಾತು ನಮ್ಮಪ್ಪಾ."

"ಧೂಳ್ಯಾ, ನೀ ಭಾಳ ಮಾತಾಡ್ತಿ."

"ಹೌದ್ರಿ ಯಪ್ಪಾ."

ಆ ಕೊನೆಯದು ಬೇಕಿರಲಿಲ್ಲ, ಆದರೆ ನನಗೆ ಬಹಳ ಹಿತವಾಯಿತು. ಅಷ್ಟು ವರ್ಷಗಳಲ್ಲಿ ಕೆರೆಸಿದ್ದ ನಿಜ ನುಡಿದದ್ದನ್ನು ನಾನು ಕೇಳಿದ್ದು ಅಂದೇ ಮೊದಲು. ಬಿಚ್ಚಿ ಹೊರಗೆ ಬಂದಮೇಲೆ ನಮ್ಮವರನ್ನು ಯಾರೂ ಮಾತಾಡಿಸಲಿಲ್ಲ. ಎಲ್ಲರೂ ಮತ್ತೆ ಆ ಹೋಳುಗಳಿಗೆ ರುಮಾಲು ಸುತ್ತುವುದರಲ್ಲಿದ್ದರು. ಮನೆಗೆ ಬಂದು ನೋಡಿದರೆ ಇವರ ಬೆನ್ನೆಲ್ಲ ದದ್ದು. ಕೆರೆದು ಕೊಬ್ಬರಿ ಎಣ್ಣೆ ಹಚ್ಚಿದೆ.

ಮುಂಜಾನೆ ಬಸ್ಸಿನಲ್ಲಿ ಹುಲಿಗೆವ್ವ ನನ್ನ ತೊಡೆಯ ಮೇಲಿದ್ದಳು. ಅವಳ ತಾಯಿ ಪಕ್ಕದಲ್ಲಿ, ನಮ್ಮವರು ಮುಂದೆ. ಹಿಂದಿನ ಸೀಟಿನಲ್ಲಿ ಧೂಳಪ್ಪ ಕಾಕಾ, ಅವನ ಮಡಿಲಲ್ಲಿ ಹೊಸ ಕಂಬಳಿ ಹೊದ್ದ ಪ್ಲಾಸ್ಟರು. ಬಬಲೇಶ್ವರದ ರಸ್ತೆಯಲ್ಲಿ ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಅವನು "ಸಾವಕಾಶ್ರೋ, ದೇವ್ರ ಕುತ್ತಿಗಿ ಸಂಭಾಳಿಸ್ರೋ" ಎಂದು ಡ್ರೈವರನಿಗೆ ಕೂಗಿ ಆ ಚಿಪ್ಪನ್ನು ಅಪ್ಪಿಕೊಳ್ಳುತ್ತಿದ್ದ. ನಾನು ಕೂಸಿನ ಗದ್ದವನ್ನು ಎರಡೂ ಅಂಗೈಯಲ್ಲಿ ಹಿಡಿದು ವಿಜಾಪುರ ಬರುವತನಕ ಬಿಡಲಿಲ್ಲ.